ಧಾರ್ಮಿಕ ರೇಡಿಯೋ: ಕೇಳುವವರು ಯಾರು, ಕಾಸು ಕೊಡುವವರು ಯಾರು?

2024ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಸೇಲಂ ಮೀಡಿಯಾ ಗ್ರೂಪ್ ತನ್ನ ಬಳಿ ಉಳಿದಿದ್ದ ಏಳು ಕ್ರೈಸ್ತ ಸಂಗೀತ ಕೇಂದ್ರಗಳನ್ನು 8 ಕೋಟಿ ಡಾಲರಿಗೆ ಮಾರುವುದಾಗಿ ತಿಳಿಸಿತು. ಲಾಸ್ ಏಂಜಲೀಸ್, ಡಲ್ಲಾಸ್, ಅಟ್ಲಾಂಟಾದಂತಹ ದೊಡ್ಡ ನಗರಗಳ ಎಫ್‌ಎಂ ಕೇಂದ್ರಗಳೂ ಅವುಗಳಲ್ಲಿದ್ದವು. ಕೊಂಡದ್ದು ಎಜುಕೇಷನಲ್ ಮೀಡಿಯಾ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ. ಕೇಳುಗರಿಗೆ ಅದು ‘ಕೆ-ಲವ್’ ಎಂಬ ಹೆಸರಿನಿಂದಲೇ ಪರಿಚಯ. 2025ರ ಫೆಬ್ರುವರಿ ಆರಂಭದಿಂದ ಆ ಊರುಗಳಲ್ಲಿ ಸ್ಥಳೀಯ ನಿರೂಪಕರ ಧ್ವನಿ ನಿಂತು, ಫೌಂಡೇಷನ್ನಿನ ರಾಷ್ಟ್ರೀಯ ಪ್ರಸಾರ ಕೇಳಿಸತೊಡಗಿತು.

ಹಾಡುಗಳು ಹೆಚ್ಚುಕಡಿಮೆ ಅವೇ, ಕೇಳುಗರೂ ಅವರೇ. ಮಾರಿದ್ದು ಜಾಹೀರಾತು ತೆಗೆದುಕೊಳ್ಳುವ, ಷೇರುದಾರರಿರುವ ಕಂಪನಿ. ಕೊಂಡದ್ದು ಒಂದೇ ಒಂದು ಜಾಹೀರಾತನ್ನೂ ಹಾಕದ ಸಂಸ್ಥೆ. ವ್ಯಾಪಾರ ಮಾಡುವವನು ಸಾಲದ ಹೊರೆ ಇಳಿಸಿಕೊಳ್ಳಲು ಅಂಗಡಿ ಮಾರುತ್ತಾನೆ, ಕಾಣಿಕೆಯ ಮೇಲೆ ಬದುಕುವವನು ಹಣ ಎಣಿಸಿ ಅದನ್ನು ಕೊಳ್ಳುತ್ತಾನೆ. ಜನರಿಗೆ ಧರ್ಮದಲ್ಲಿ ಆಸಕ್ತಿ ಕುಗ್ಗಿದ್ದರಿಂದ ಧಾರ್ಮಿಕ ರೇಡಿಯೋ ಸೊರಗುತ್ತಿದೆ ಎಂದು ಸುಲಭವಾಗಿ ಹೇಳಿಬಿಡುವವರು ಈ ಒಂದು ವ್ಯವಹಾರವನ್ನು ಗಮನಿಸಬೇಕು. ಆಸಕ್ತಿ ಬತ್ತಿದ್ದರೆ ಕೊಳ್ಳುವವರಿಗೆ ಹಣ ಎಲ್ಲಿಂದ ಬಂತು? ನನಗೆ ಕಾಣುವ ಮಟ್ಟಿಗೆ ತೊಡಕು ಬೇರೆ ಕಡೆ ಇದೆ. ಈ ರೇಡಿಯೋವನ್ನು ಕೇಳುವವರು ಒಬ್ಬರು, ಅದಕ್ಕೆ ಹಣ ಕೊಡುವವರು ಇನ್ನೊಬ್ಬರು. ಹಣ ಕೊಡುವವರ ಕಡೆಗೆ ಕೇಂದ್ರ ವಾಲಿದಷ್ಟೂ, ಕೊಡಲಾರದ ಕೇಳುಗ ಅದರ ಲೆಕ್ಕದಿಂದ ಜಾರಿಹೋಗುತ್ತಾನೆ.

ಈ ಒಡಕು ಇಂದಿನದಲ್ಲ. 1921ರ ಜನವರಿ 2ರಂದು ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ ಕ್ಯಾಲ್ವರಿ ಇಗರ್ಜಿಯ ಭಾನುವಾರದ ಆರಾಧನೆಯನ್ನು ಪ್ರಸಾರ ಮಾಡಿತು. ಬಾನುಲಿಯಲ್ಲಿ ಬಂದ ಮೊದಲ ಧಾರ್ಮಿಕ ಕಾರ್ಯಕ್ರಮ ಅದೇ ಎನ್ನಲಾಗುತ್ತದೆ. ಮೂರೇ ವರ್ಷಗಳಲ್ಲಿ, 1924ರಲ್ಲಿ, ಲಾಸ್ ಏಂಜಲೀಸಿನಲ್ಲಿ ಏಮಿ ಸೆಂಪಲ್ ಮೆಕ್‌ಫರ್ಸನ್ ಎಂಬ ಬೋಧಕಿ ತಮ್ಮದೇ ಕೇಂದ್ರವನ್ನು ಆರಂಭಿಸಿದರು. ಮುಂದೆ ರಾಷ್ಟ್ರೀಯ ಜಾಲಗಳು ಬೆಳೆದಾಗ ಒಂದು ಪದ್ಧತಿ ರೂಢಿಯಾಯಿತು. ಹಳೆಯ, ಪ್ರತಿಷ್ಠಿತ ಚರ್ಚುಗಳ ಒಕ್ಕೂಟಗಳಿಗೆ ಜಾಲಗಳು ಉಚಿತವಾಗಿ ಸಮಯ ಕೊಡುತ್ತಿದ್ದವು. ಹೊಸ ಪಂಗಡಗಳ ಸುವಾರ್ತಾ ಬೋಧಕರು ಮಾತ್ರ ಸಮಯವನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 1944ರಲ್ಲಿ ಮ್ಯೂಚುವಲ್ ಜಾಲ ಇಂತಹ ಕಾರ್ಯಕ್ರಮಗಳಿಗೆ ಕಡಿವಾಣ ಹಾಕಿದಾಗ ಅದೇ ವರ್ಷ ಆ ಬೋಧಕರೆಲ್ಲ ಸೇರಿ ಧಾರ್ಮಿಕ ಪ್ರಸಾರಕರ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ನಿರ್ಣಾಯಕ ತಿರುವು ಬಂದದ್ದು 1960ರಲ್ಲಿ. ಹಣ ಪಡೆದು ಪ್ರಸಾರ ಮಾಡುವ ಧಾರ್ಮಿಕ ಕಾರ್ಯಕ್ರಮವನ್ನೂ ಕೇಂದ್ರದ ‘ಸಾರ್ವಜನಿಕ ಸೇವೆ’ಯ ಲೆಕ್ಕಕ್ಕೆ ಸೇರಿಸಬಹುದು ಎಂಬ ನಿಲುವನ್ನು ಅಮೆರಿಕದ ಸಂಪರ್ಕ ಆಯೋಗ ತಳೆಯಿತು. ಹಣ ಪಡೆದರೂ ಸೇವೆ ಎಂದೇ ಎಣಿಕೆಯಾಗುವುದಾದರೆ ಪುಕ್ಕಟೆಯಾಗಿ ಯಾರು ಕೊಡುತ್ತಾರೆ? ಉಚಿತ ಸಮಯ ಕರಗಿತು, ಸಮಯದ ಮಾರಾಟ ಬೆಳೆಯಿತು.

ಸೇಲಂ ಕಂಪನಿ ಬೆಳೆದದ್ದು ಈ ಮಾರಾಟದ ಮೇಲೆಯೇ. ಎಡ್ವರ್ಡ್ ಆಟ್‌ಸಿಂಗರ್ ಮತ್ತು ಸ್ಟುವರ್ಟ್ ಎಪರ್ಸನ್ ಕಟ್ಟಿದ ಈ ಕಂಪನಿ 1999ರಲ್ಲಿ ಷೇರುಪೇಟೆಗೆ ಬಂತು. ಅದರ ಮೂಲ ವ್ಯವಹಾರ ಹೀಗಿದೆ. ಕೇಂದ್ರವು ದಿನವನ್ನು ಅರ್ಧ ಗಂಟೆಯ ತುಂಡುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಂಡನ್ನು ಒಬ್ಬ ಬೋಧಕ ಅಥವಾ ಒಂದು ಧಾರ್ಮಿಕ ಸಂಸ್ಥೆ ಕೊಳ್ಳುತ್ತದೆ. ಆ ಅರ್ಧ ಗಂಟೆಯ ಕೊನೆಯಲ್ಲಿ ಬೋಧಕ ತನ್ನ ವಿಳಾಸ ಹೇಳಿ ದೇಣಿಗೆ ಕೇಳುತ್ತಾನೆ. ಬಂದ ದೇಣಿಗೆಯಿಂದ ಮುಂದಿನ ತಿಂಗಳ ಬಾಡಿಗೆ ಕಟ್ಟುತ್ತಾನೆ. ಕೇಂದ್ರದ ಕಣ್ಣಿಗೆ ಗಿರಾಕಿ ಎಂದರೆ ಬೋಧಕ, ಮನೆಯಲ್ಲಿ ಕುಳಿತು ಕೇಳುವವರಲ್ಲ. ಎಷ್ಟು ಜನ ಕೇಳುತ್ತಿದ್ದಾರೆ ಎಂಬ ಸಮೀಕ್ಷೆಯ ಅಂಕಿಗಳ ಬಗ್ಗೆ ಸಿನಿಮಾ ಹಾಡಿನ ಕೇಂದ್ರಕ್ಕಿರುವ ಆತಂಕ ಇಂತಹ ಕೇಂದ್ರಕ್ಕೆ ಇರುವುದಿಲ್ಲ. ಬೋಧಕನಿಗೆ ಪತ್ರ ಮತ್ತು ಚೆಕ್ಕು ಬರುತ್ತಿದ್ದರೆ ಸಾಕು. ದಶಕಗಳ ಕಾಲ ಇದು ಬಹಳ ಭದ್ರವಾದ ವ್ಯವಹಾರವಾಗಿತ್ತು, ಆರ್ಥಿಕ ಕುಸಿತಗಳಲ್ಲೂ ನಿಲ್ಲುವಂಥದ್ದು.

ಈ ವ್ಯವಸ್ಥೆಯ ವಿಚಿತ್ರ ಬಲಕ್ಕೆ ಒಂದು ಉದಾಹರಣೆ ಇದೆ. ಜೆ. ವರ್ನನ್ ಮೆಕ್‌ಗೀ ಎಂಬ ಬೋಧಕರು ಇಡೀ ಬೈಬಲನ್ನು ಐದು ವರ್ಷಗಳಲ್ಲಿ ಓದಿ ವಿವರಿಸುವ ದೈನಿಕ ಕಾರ್ಯಕ್ರಮ ನಡೆಸುತ್ತಿದ್ದರು. ಅವರು ತೀರಿಕೊಂಡದ್ದು 1988ರಲ್ಲಿ. ಅವರ ಧ್ವನಿ ಇಂದಿಗೂ ಪ್ರಸಾರವಾಗುತ್ತಿದೆ, ಐದು ವರ್ಷ ಮುಗಿದೊಡನೆ ಮತ್ತೆ ಮೊದಲಿನಿಂದ. ಅನುವಾದಗೊಂಡು ಭಾರತದ ಭಾಷೆಗಳೂ ಸೇರಿ ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಕಾಲವಾದವರೊಬ್ಬರ ದನಿಗೆ ಪ್ರತಿ ತಿಂಗಳು ಬಾಡಿಗೆ ಕಟ್ಟುವ ಕೇಳುಗರಿದ್ದಾರೆ ಎಂದರೆ ಆ ನಂಟು ಎಷ್ಟು ಗಟ್ಟಿ! ಅದೇ ಸಂಗತಿಯನ್ನು ಇನ್ನೊಂದು ಬದಿಯಿಂದ ನೋಡಿದರೆ ಚಿಂತೆಯಾಗುತ್ತದೆ. ಇಂತಹ ನಂಟು ಬೆಳೆಸಿಕೊಂಡವರಿಗೆ ಈಗ ವಯಸ್ಸಾಗಿದೆ. ಅವರ ನಂತರ ಬಾಡಿಗೆ ಕಟ್ಟುವವರು ಯಾರು? ಹೊಸ ತಲೆಮಾರಿನ ಬೋಧಕನಿಗೆ ಅರ್ಧ ಗಂಟೆಯ ಬಾಡಿಗೆ ಕಟ್ಟುವ ಅಗತ್ಯವೇ ಇಲ್ಲ. ಯೂಟ್ಯೂಬ್ ಇದೆ, ಪಾಡ್‌ಕಾಸ್ಟ್ ಇದೆ. ಅಲ್ಲಿ ಸಮಯಕ್ಕೆ ಬಾಡಿಗೆ ಇಲ್ಲ, ಪಟ್ಟಿಯಲ್ಲಿ ಜಾಗ ಸಿಗಲಿಲ್ಲವೆಂಬ ತಕರಾರೂ ಇಲ್ಲ.

ಇದರ ಜೊತೆಗೆ ತಂತ್ರಜ್ಞಾನದ ಪೆಟ್ಟೂ ಬಿದ್ದಿದೆ. ಬೋಧನೆಯ ಕೇಂದ್ರಗಳು ಹೆಚ್ಚಾಗಿ ಇರುವುದು ಎಎಂ ಪಟ್ಟಿಯಲ್ಲಿ, ಅಂದರೆ ನಾವು ಮೀಡಿಯಂ ವೇವ್ ಎನ್ನುವ ಮಧ್ಯಮ ತರಂಗದಲ್ಲಿ. ವಿದ್ಯುತ್ ಕಾರಿನ ಮೋಟರಿನಿಂದ ಹೊಮ್ಮುವ ಗದ್ದಲ ಈ ತರಂಗಗಳನ್ನು ಕೆಡಿಸುತ್ತದೆ ಎಂಬ ಕಾರಣ ಕೊಟ್ಟು ಟೆಸ್ಲಾ, ಬಿಎಂಡಬ್ಲ್ಯು ಮೊದಲಾದ ಕಂಪನಿಗಳು ತಮ್ಮ ವಿದ್ಯುತ್ ಕಾರುಗಳಿಂದ ಎಎಂ ರೇಡಿಯೋವನ್ನೇ ತೆಗೆದುಹಾಕಿದವು. ಫೋರ್ಡ್ ಕೂಡ ತೆಗೆಯಲು ಹೊರಟು, 2023ರ ಮೇ ತಿಂಗಳಲ್ಲಿ ಹಿಂದೆ ಸರಿಯಿತು. ಪ್ರತಿ ಕಾರಿನಲ್ಲೂ ಎಎಂ ಇರಲೇಬೇಕು ಎಂಬ ಮಸೂದೆಗೆ ಡೆಮಾಕ್ರಟ್ ಎಡ್ ಮಾರ್ಕಿ ಮತ್ತು ರಿಪಬ್ಲಿಕನ್ ಟೆಡ್ ಕ್ರೂಜ್ ಒಟ್ಟಿಗೆ ನಿಂತರು. ಈ ಇಬ್ಬರು ಸೆನೆಟರುಗಳು ಒಂದೇ ಕಡೆ ನಿಲ್ಲುವುದು ಅಪರೂಪ. ಧಾರ್ಮಿಕ ಪ್ರಸಾರಕರ ಸಂಘವೂ ಬೆಂಬಲಿಸಿತು. ಅಮೆರಿಕದಲ್ಲಿ ರೇಡಿಯೋ ಕೇಳುವ ಮುಖ್ಯ ಜಾಗ ಕಾರು. ಡ್ಯಾಶ್‌ಬೋರ್ಡಿನಿಂದ ಒಂದು ಗುಂಡಿ ಮಾಯವಾದರೆ, ಒಬ್ಬ ಬೋಧಕ ನಲವತ್ತು ವರ್ಷ ಕಟ್ಟಿದ ಬಳಗ ಸದ್ದಿಲ್ಲದೆ ಚದುರಿಹೋಗುತ್ತದೆ.

ಇನ್ನು ಕೊಂಡವರ ಕಥೆ. ಕೆ-ಲವ್ ಹುಟ್ಟಿದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಎಂಬ ಊರಿನ ಒಂದು ಪುಟ್ಟ ಕೇಂದ್ರವಾಗಿ. ಇಂದು ಸಾವಿರಕ್ಕೂ ಹೆಚ್ಚು ಪ್ರಸಾರ ಬಿಂದುಗಳಿಂದ ಅಮೆರಿಕದ ಎಲ್ಲ ರಾಜ್ಯಗಳನ್ನೂ ಮುಟ್ಟುತ್ತದೆ. ವಾರ್ಷಿಕ ಆದಾಯ 20 ಕೋಟಿ ಡಾಲರ್ ಮೀರಿದೆ, ಅದರಲ್ಲಿ ಬಹುಪಾಲು ಕೇಳುಗರ ದೇಣಿಗೆ. ಷಿಕಾಗೋ ಜನ ಎದೆಗೊತ್ತಿಕೊಂಡಿದ್ದ ‘ದಿ ಲೂಪ್’ ಎಂಬ ರಾಕ್ ಸಂಗೀತದ ಕೇಂದ್ರವನ್ನು 2018ರಲ್ಲಿ 2.15 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಕ್ಯುಮ್ಯುಲಸ್ ಕಂಪನಿಯಿಂದ ಆರು ಕೇಂದ್ರಗಳನ್ನು 10.35 ಕೋಟಿ ಡಾಲರಿಗೆ ಕೊಂಡಾಗ ನ್ಯೂಯಾರ್ಕಿನ ಹೆಸರಾಂತ ಡಬ್ಲ್ಯುಪಿಎಲ್‌ಜೆ ಕೂಡ ಅದರ ಕೈಸೇರಿತು. ಜಾಹೀರಾತು ಆದಾಯ ಕುಸಿದು ಕಂಪನಿಗಳು ಸಾಲದಲ್ಲಿ ಮುಳುಗಿ ಪ್ರಸಾರ ಗೋಪುರಗಳನ್ನು ಅಗ್ಗಕ್ಕೆ ಮಾರುವ ಕಾಲದಲ್ಲಿ, ಪ್ರತಿ ತಿಂಗಳು ತಪ್ಪದೆ ಬರುವ ಸಣ್ಣ ಸಣ್ಣ ಕಾಣಿಕೆಗಳ ಹೊಳೆ ಕೈಯಲ್ಲಿದ್ದವರೇ ದೊಡ್ಡ ಗಿರಾಕಿಯಾದರು. ತೆರಿಗೆ ವಿನಾಯಿತಿಯೂ ನೆರವಿಗೆ ಬಂತು.

ವೆಚ್ಚವೂ ಕಡಿಮೆ. ಒಂದೇ ಸ್ಟುಡಿಯೋದಿಂದ ಹೊರಟ ಧ್ವನಿ ಉಪಗ್ರಹದ ಮೂಲಕ ಎಲ್ಲ ಗೋಪುರಗಳಿಗೂ ಇಳಿಯುತ್ತದೆ. ಪ್ರತಿ ಕೇಂದ್ರವೂ ತನ್ನ ಊರಿನ ಹತ್ತಿರ ಒಂದು ಮುಖ್ಯ ಸ್ಟುಡಿಯೋ ಇಟ್ಟುಕೊಂಡಿರಬೇಕು ಎಂಬ ಹಳೆಯ ನಿಯಮವನ್ನು ಸಂಪರ್ಕ ಆಯೋಗ 2017ರಲ್ಲಿ ಕೈಬಿಟ್ಟಿತು. ಊರಿನಲ್ಲಿ ಈಗ ಗೋಪುರವಿದೆ, ಒಂದು ಬೀಗ ಹಾಕಿದ ಕೋಣೆಯಿದೆ, ಮಾತಾಡುವವರಿಲ್ಲ.

ಕಾಣಿಕೆಯ ಮಾದರಿಯಲ್ಲಿ ಕೇಳುವವರೇ ಕೊಡುತ್ತಾರೆ, ಹಾಗಾಗಿ ಒಡಕು ಮುಚ್ಚಿತಲ್ಲವೇ ಎಂದು ಕೇಳಬಹುದು. ನಾನೂ ಮೊದಲು ಹಾಗೆಯೇ ಭಾವಿಸಿದ್ದೆ. ಆದರೆ ಕೇಳುವವರೆಲ್ಲ ಕೊಡುವುದಿಲ್ಲ. ಕೊಡುವವರು ಒಂದು ಸಣ್ಣ ಪಾಲು. ಕೇಂದ್ರದ ಕಿವಿ ಅವರ ಕಡೆಗೇ ಇರುತ್ತದೆ. ಅಮೆರಿಕದ ಕ್ರೈಸ್ತ ಸಂಗೀತ ಕೇಂದ್ರಗಳ ಒಳವಲಯದಲ್ಲಿ ‘ಬೆಕಿ’ ಎಂಬ ಹೆಸರು ಬಹಳ ಪ್ರಸಿದ್ಧ. ಬೆಕಿ ಎಂದರೆ ಒಬ್ಬ ಕಲ್ಪಿತ ಕೇಳುಗ ಮಹಿಳೆ. ನಲವತ್ತರ ಆಸುಪಾಸಿನ ವಯಸ್ಸು, ಮಕ್ಕಳಿದ್ದಾರೆ, ನಗರದ ಹೊರವಲಯದಲ್ಲಿ ಸ್ವಂತ ಮನೆ, ಮಕ್ಕಳನ್ನು ಶಾಲೆಗೆ ಬಿಡುವಾಗ ಕಾರಿನಲ್ಲಿ ರೇಡಿಯೋ ಹಾಕುತ್ತಾಳೆ. ಯಾವ ಹಾಡು ಹಾಕಬೇಕು, ನಿರೂಪಕರು ಯಾವ ಮಾತು ಆಡಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ‘ಇದು ಬೆಕಿಗೆ ಹಿಡಿಸುತ್ತದೆಯೇ?’ ಎಂದು ಕೇಳಿಕೊಳ್ಳುತ್ತಾರೆ. ದೇಣಿಗೆ ಕೊಡುವ ಕೈ ಅವಳದು ಎಂಬುದೇ ಕಾರಣ. ಕೆ-ಲವ್‌ನ ಘೋಷವಾಕ್ಯ ‘ಸಕಾರಾತ್ಮಕ, ಉತ್ತೇಜಕ’ ಎಂಬರ್ಥದ್ದು. ಸೇಲಂ ತನ್ನ ‘ದಿ ಫಿಶ್’ ಕೇಂದ್ರಗಳನ್ನು ಇಡೀ ಕುಟುಂಬಕ್ಕೆ ಸುರಕ್ಷಿತ ಎಂದು ಹೇಳಿಕೊಳ್ಳುತ್ತಿತ್ತು.

ಬೆಕಿಯ ಬಗ್ಗೆ ನನಗೆ ತಕರಾರಿಲ್ಲ. ದಣಿದು ಕಾರಿನಲ್ಲಿ ಕುಳಿತ ತಾಯಿಗೆ ನಾಲ್ಕು ನಿಮಿಷ ಸಮಾಧಾನ ಸಿಗುವುದು ಸಣ್ಣ ವಿಷಯವಲ್ಲ. ಆದರೆ ಧರ್ಮದ ಹಾಡಿನಲ್ಲಿ ಶೋಕವೂ ಇದೆ, ದೇವರೊಂದಿಗೆ ಜಗಳವೂ ಇದೆ, ಪಶ್ಚಾತ್ತಾಪವೂ ಇದೆ. ಬೈಬಲಿನ ಕೀರ್ತನೆಗಳಲ್ಲಿ ಅಳಲಿನ ಪದ್ಯಗಳು ಎಷ್ಟೊಂದು! ‘ಉತ್ತೇಜಕ’ ಎಂಬ ಜರಡಿಯಲ್ಲಿ ಅವು ಕೆಳಗೆ ಉದುರಿಹೋಗುತ್ತವೆ. ನಮ್ಮ ದಾಸರ ಪದಗಳಿಂದ ‘ನಗುಮೊಗದವು ಮಾತ್ರ’ ಆರಿಸಿ ದಿನವಿಡೀ ಹಾಕಿದರೆ ಏನಾಗುತ್ತದೋ ಅದೇ ಅಲ್ಲಿ ಆಗುತ್ತಿದೆ. ಕಪ್ಪು ಜನರ ಗಾಸ್ಪೆಲ್ ಸಂಗೀತ ಬೇರೆಯೇ ಕೇಂದ್ರಗಳಿಗೆ ಸೇರಿದೆ. ಗಂಡಸರು, ಹದಿಹರೆಯದವರು, ಒಂಟಿಯಾಗಿರುವ ಮುದುಕರು ಈ ಹಾಡುಗಳಲ್ಲಿ ತಮ್ಮ ದನಿಯನ್ನು ಗುರುತಿಸುವುದು ಕಷ್ಟ.

ದೇಣಿಗೆಯ ಮೇಲೆ ನಿಂತ ರೇಡಿಯೋಗೆ ನಂಬಿಕೆಯೇ ಬಂಡವಾಳ, ಅದು ಒಡೆದರೆ ಏನಾಗುತ್ತದೆ ಎಂಬುದನ್ನು ಫ್ಯಾಮಿಲಿ ರೇಡಿಯೋ ತೋರಿಸಿತು. ಕ್ಯಾಲಿಫೋರ್ನಿಯಾದ ಈ ಜಾಲದ ಮುಖ್ಯಸ್ಥ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21ರಂದು ಅಂತಿಮ ತೀರ್ಪಿನ ದಿನ ಬರುತ್ತದೆ ಎಂದು ಸಾರಿದರು. ದೇಶವಿದೇಶಗಳ ರಸ್ತೆಬದಿಗಳಲ್ಲಿ ಫಲಕಗಳು ಎದ್ದವು. ಕೆಲವು ಅನುಯಾಯಿಗಳು ಕೆಲಸ ಬಿಟ್ಟರು, ಉಳಿತಾಯ ಕೊಟ್ಟರು. ದಿನ ಬಂತು, ಹೋಯಿತು. ಅಕ್ಟೋಬರ್ 21 ಎಂದು ತಿದ್ದಿದರು, ಅದೂ ಹೋಯಿತು. ಕ್ಯಾಂಪಿಂಗ್ 2013ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟರಲ್ಲಾಗಲೇ ದೇಣಿಗೆ ಇಳಿಮುಖವಾಗಿ, ಜಾಲವು ನ್ಯೂಯಾರ್ಕ್, ಫಿಲಡೆಲ್ಫಿಯಾ ಪ್ರದೇಶಗಳ ತನ್ನ ಅತಿ ಬೆಲೆಬಾಳುವ ಎಫ್‌ಎಂ ಕೇಂದ್ರಗಳನ್ನು ಮಾರಬೇಕಾಯಿತು. ಹಾಡು, ಕೀರ್ತನೆಗಾಗಿ ಮಾತ್ರ ಆ ಕೇಂದ್ರವನ್ನು ಕೇಳುತ್ತಿದ್ದ ಎಷ್ಟೋ ಜನ ಆ ಭವಿಷ್ಯವಾಣಿಯನ್ನು ನಂಬಿರಲೇ ಇಲ್ಲ. ಅವರ ಕೇಂದ್ರವೂ ಹೋಯಿತು.

ಹಾಗಾದರೆ ಎಲ್ಲವನ್ನೂ ಅಂತರಜಾಲಕ್ಕೆ ಒಯ್ದರೆ ಆಗದೇ? ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಲೆಕ್ಕವಿದೆ. ಗೋಪುರದಿಂದ ಹೊರಟ ಧ್ವನಿಯನ್ನು ಒಬ್ಬ ಕೇಳಿದರೂ ಲಕ್ಷ ಜನ ಕೇಳಿದರೂ ಕೇಂದ್ರದ ಖರ್ಚು ಒಂದೇ. ಅಮೆರಿಕದ ಕಾನೂನಿನಂತೆ ಗೋಪುರದ ಪ್ರಸಾರಕ್ಕೆ ಹಾಡುಗಾರರಿಗೆ ಧ್ವನಿಮುದ್ರಣದ ರಾಯಧನವನ್ನೂ ಕೊಡಬೇಕಿಲ್ಲ. ಅದೇ ಹಾಡನ್ನು ಅಂತರಜಾಲದಲ್ಲಿ ಕೇಳಿಸಿದರೆ ಕೊಡಬೇಕು. ವಾಣಿಜ್ಯೇತರ ಕೇಂದ್ರಗಳು ಒಂದು ಸಣ್ಣ ವಾರ್ಷಿಕ ಶುಲ್ಕ ಕಟ್ಟಿದರೆ ತಿಂಗಳಿಗೆ ಒಟ್ಟು 1,59,140 ಆಲಿಕೆಯ ಗಂಟೆಗಳವರೆಗೆ (ಒಬ್ಬ ಕೇಳುಗ ಒಂದು ಗಂಟೆ ಕೇಳಿದರೆ ಒಂದು ಆಲಿಕೆಯ ಗಂಟೆ) ಅಡ್ಡಿಯಿಲ್ಲ. ಕೇಳಲು ದೊಡ್ಡ ಸಂಖ್ಯೆಯೆನಿಸುತ್ತದೆ. ತಿಂಗಳಿಗೆ ಸುಮಾರು 730 ಗಂಟೆಗಳೆಂದು ಭಾಗಿಸಿ ನೋಡಿ: ಯಾವುದೇ ಹೊತ್ತಿನಲ್ಲಿ ಸರಾಸರಿ 218 ಜನ ಕೇಳುಗರು, ಅಷ್ಟೇ. ಅದಕ್ಕಿಂತ ಮೇಲೆ ಒಬ್ಬೊಬ್ಬ ಕೇಳುಗನಿಗೆ, ಒಂದೊಂದು ಹಾಡಿಗೆ ಲೆಕ್ಕ ಹಾಕಿ ವಾಣಿಜ್ಯ ದರದಲ್ಲಿ ಹಣ ತೆರಬೇಕು. ಸಾರ್ವಜನಿಕ ರೇಡಿಯೋ ಜಾಲವಾದ ಎನ್‌ಪಿಆರ್‌ಗೆ ಪ್ರತ್ಯೇಕ ಒಪ್ಪಂದವಿರುವಾಗ ನಮಗೆ ಈ ಹೊರೆ ಏಕೆ ಎಂದು ಧಾರ್ಮಿಕ ಪ್ರಸಾರಕರು ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಕೇಳುಗರು ಹೆಚ್ಚಿದಷ್ಟೂ ಖರ್ಚು ಹೆಚ್ಚುವ ಲೋಕ ಇದು. ಹಣ ಕೊಡದ ಕೇಳುಗ ಗೋಪುರದ ಕಾಲದಲ್ಲಿ ಯಾರಿಗೂ ಭಾರವಾಗಿರಲಿಲ್ಲ. ಇಲ್ಲಿ ಅವನೂ ಖರ್ಚಿನ ಪಟ್ಟಿಗೆ ಸೇರುತ್ತಾನೆ.

ಸರ್ಕಾರವೇ ಹಣ ಕೊಟ್ಟರೆ ಈ ಕಷ್ಟ ತಪ್ಪುತ್ತದೆಯೇ? ಈಜಿಪ್ಟಿನ ಕೈರೋದಲ್ಲಿ 1964ರಿಂದ ಕುರ್‌ಆನ್ ಬಾನುಲಿ ಕೇಂದ್ರವಿದೆ. ಅಂಗಡಿ, ಟ್ಯಾಕ್ಸಿ, ಅಡುಗೆಮನೆಗಳಲ್ಲಿ ದಿನವಿಡೀ ಹಚ್ಚಿಟ್ಟಿರುವ ಕೇಂದ್ರ ಅದು. ಇಷ್ಟು ಕೇಳುಗರಿದ್ದ ಮೇಲೆ ಜಾಹೀರಾತುದಾರರು ಬರದೆ ಇರುತ್ತಾರೆಯೇ? ಬಂದರು. ಪಾರಾಯಣದ ನಡುವೆ ಸರಕಿನ ಪ್ರಚಾರ ಕೇಳಿ ಜನ ನೊಂದುಕೊಂಡರು. ಕೊನೆಗೆ ರಾಷ್ಟ್ರೀಯ ಮಾಧ್ಯಮ ಪ್ರಾಧಿಕಾರ 2025ರ ಜನವರಿಯಿಂದ ಆ ಕೇಂದ್ರದಲ್ಲಿ ಜಾಹೀರಾತು ನಿಲ್ಲಿಸಿತು. ಸರ್ಕಾರದ ಬೆನ್ನಾಸರೆ ಇದ್ದುದರಿಂದ ಅದು ಸಾಧ್ಯವಾಯಿತು. ಆ ಆಸರೆಯೊಂದಿಗೆ ಸರ್ಕಾರದ ನಿಯಂತ್ರಣವೂ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕನ್ನಡ ಕೇಳುಗರಿಗೆ ಈ ಪ್ರಶ್ನೆಗಳು ದೂರದವೆನಿಸಬಹುದು. ನಮ್ಮಲ್ಲಿ ಧಾರ್ಮಿಕ ಸಂಸ್ಥೆ ಖಾಸಗಿ ಎಫ್‌ಎಂ ಕೇಂದ್ರ ನಡೆಸುವಂತಿಲ್ಲ. ಪರವಾನಗಿಯ ನಿಯಮಗಳೇ ಧಾರ್ಮಿಕ ಸಂಸ್ಥೆಗಳನ್ನೂ ಅವುಗಳ ಹಿಡಿತದಲ್ಲಿರುವ ಕಂಪನಿಗಳನ್ನೂ ಹೊರಗಿಟ್ಟಿವೆ. ತಿರುಮಲ ತಿರುಪತಿ ದೇವಸ್ಥಾನದ ಕನ್ನಡ ಭಕ್ತಿ ವಾಹಿನಿ 2021ರ ಅಕ್ಟೋಬರಿನಿಂದ ಟಿವಿಯಲ್ಲಿ ಬರುತ್ತಿದೆ. ಎಫ್‌ಎಂನಲ್ಲಿ ಅಂಥದ್ದು ಬರಲಾರದು. ಹಾಗಾಗಿ ನಮ್ಮ ಭಕ್ತಿಯ ರೇಡಿಯೋ ಎಂದರೆ ಬಹುಕಾಲ ಆಕಾಶವಾಣಿಯೇ ಆಗಿತ್ತು. ಬೆಳಗಿನ ದಾಸರ ಪದ, ವಚನ, ತತ್ವಪದ, ಚಿಂತನ. ಹಬ್ಬ ಬಂದರೆ ಕ್ರಿಸ್ತ ಗೀತೆ, ರಂಜಾನಿನ ಮಾತು. ಎಲ್ಲರ ಭಕ್ತಿಗೂ ಒಂದಿಷ್ಟು ನಿಮಿಷ. ಕೇಳುಗನ ಮುಂದೆ ಯಾರೂ ಹುಂಡಿ ಹಿಡಿಯಲಿಲ್ಲ. ಕುಂಭಮೇಳದಂತಹ ಸಂದರ್ಭಕ್ಕೆ ಆಕಾಶವಾಣಿ ಪ್ರತ್ಯೇಕ ಕೇಂದ್ರವನ್ನೇ ತೆರೆಯುತ್ತದೆ. 2025ರ ಜನವರಿ 10ರಂದು ಪ್ರಯಾಗರಾಜದಲ್ಲಿ 103.5 ಎಫ್‌ಎಂನಲ್ಲಿ ಆರಂಭವಾದ ‘ಕುಂಭವಾಣಿ’ ಅಂಥದ್ದು.

ಆದರೆ ಅಮೆರಿಕದ ಕಾಣಿಕೆಯ ಮಾದರಿಗೆ ಕನ್ನಡದ ನಂಟೂ ಇದೆ, ಕಿರುತರಂಗ ಮತ್ತು ಮಧ್ಯಮ ತರಂಗದ ಮೂಲಕ. ಫೆಬಾ ಎಂಬ ಮಿಷನರಿ ಬಾನುಲಿ 1970ರಿಂದ ಸೇಷೆಲ್ಸ್ ದ್ವೀಪದಲ್ಲಿ, ಹವಳದ ದಿಬ್ಬದ ಮೇಲೆ ಸಮುದ್ರದೊಳಗೇ ನಿಲ್ಲಿಸಿದ ಆಂಟೆನಾಗಳಿಂದ ಪ್ರಸಾರ ಮಾಡುತ್ತಿತ್ತು. ಅದರ ಭಾರತದ ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ. ಕನ್ನಡವೂ ಸೇರಿ ನಮ್ಮ ಹಲವು ಭಾಷೆಗಳ ಕಾರ್ಯಕ್ರಮಗಳು ಆ ದ್ವೀಪದಿಂದ ಬರುತ್ತಿದ್ದವು. ಶ್ರೀಲಂಕಾದ ಪುತ್ತಲಂನಿಂದ ಟ್ರಾನ್ಸ್ ವರ್ಲ್ಡ್ ರೇಡಿಯೋ 882 ಕಿಲೋಹರ್ಟ್ಸ್‌ನಲ್ಲಿ ದಕ್ಷಿಣ ಭಾರತಕ್ಕೆ ಪ್ರಸಾರ ನಡೆಸಿತು. ಇಲ್ಲಿ ಒಡಕು ಸಮುದ್ರದಷ್ಟು ಅಗಲ: ಹಣ ಕೊಡುವವರು ಪಶ್ಚಿಮದ ಯಾವುದೋ ಊರಿನ ಭಕ್ತರು, ಕೇಳುವವರು ನಮ್ಮ ಹಳ್ಳಿಯವರು. ಅವೆರಡನ್ನೂ ಹೊಲಿದದ್ದು ಅಂಚೆ ಕಾರ್ಡು. ಕಾರ್ಯಕ್ರಮದ ಕೊನೆಯಲ್ಲಿ ವಿಳಾಸ ಹೇಳುತ್ತಿದ್ದರು, ಕೇಳುಗರು ಬರೆಯುತ್ತಿದ್ದರು. ಕಾಯಿಲೆ, ಮಗಳ ಮದುವೆ, ಬಾರದ ಮಳೆ, ಹಾಡು ಸ್ಪಷ್ಟವಾಗಿ ಕೇಳಿಸಲಿಲ್ಲವೆಂಬ ದೂರು. ಹಣ ಕೊಡಲಾರದ ಕೇಳುಗ ಲೆಕ್ಕಕ್ಕೆ ಬಂದದ್ದು ಆ ಕಾರ್ಡಿನಿಂದಲೇ. ಎಷ್ಟು ಪತ್ರ ಬಂದವು ಎಂಬುದನ್ನು ತೋರಿಸಿಯೇ ಸಂಸ್ಥೆಗಳು ದಾನಿಗಳ ಬಳಿ ಹೋಗುತ್ತಿದ್ದವು. ಮತಪ್ರಚಾರದ ಉದ್ದೇಶದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಒಬ್ಬ ಬಡ ಕೇಳುಗನ ಹದಿನೈದು ಪೈಸೆಯ ಕಾರ್ಡಿಗೆ ಅಷ್ಟು ತೂಕ ಕೊಟ್ಟ ಪ್ರಸಾರ ವ್ಯವಸ್ಥೆ ನನ್ನ ಮಟ್ಟಿಗೆ ಗೌರವಾರ್ಹ. ಸೇಷೆಲ್ಸ್ ಕೇಂದ್ರ 2003ರಲ್ಲಿ ಮುಚ್ಚಿತು.

ಮಂಗಳೂರಿನಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಸೇಂಟ್ ಅಲೋಶಿಯಸ್ ಜೆಸ್ವಿಟ್ ಪಾದ್ರಿಗಳ ಸಂಸ್ಥೆ. ಅದರ ಆವರಣದಿಂದ ನಡೆಯುವ ‘ರೇಡಿಯೋ ಸಾರಂಗ್’ 107.8 ಸಮುದಾಯ ಬಾನುಲಿ, ಧರ್ಮಬೋಧನೆಯ ಕೇಂದ್ರವಲ್ಲ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಮೀನುಗಾರಿಕೆ, ಬೇಸಾಯ, ಆರೋಗ್ಯದ ಮಾತು ಅಲ್ಲಿ ಬರುತ್ತದೆ. ಧಾರ್ಮಿಕ ಭಾವನೆಗಳನ್ನು ದುರುಪಯೋಗ ಮಾಡದಂತೆ ಎಚ್ಚರವಹಿಸಬೇಕೆಂದು ಸಮುದಾಯ ಬಾನುಲಿಯ ಮಾರ್ಗಸೂಚಿಯೇ ಹೇಳುತ್ತದೆ. ಇಂತಹ ಕೇಂದ್ರಗಳ ಹಣಕಾಸಿನ ಸ್ಥಿತಿಯೂ ಬಿಗಿಯೇ. ಗಂಟೆಗೆ ಏಳು ನಿಮಿಷವಿದ್ದ ಜಾಹೀರಾತಿನ ಮಿತಿಯನ್ನು 2024ರಲ್ಲಿ ಹನ್ನೆರಡಕ್ಕೆ ಏರಿಸಿದರು, ಸರ್ಕಾರಿ ಜಾಹೀರಾತಿನ ದರವನ್ನು ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಹೆಚ್ಚಿಸಿದರು. ಕೋಟಿ ಡಾಲರುಗಳ ಲೆಕ್ಕ ಓದಿದ ಮೇಲೆ ಈ 74 ರೂಪಾಯಿ ಕಣ್ಣಿಗೆ ಬೀಳುವುದೇ ಇಲ್ಲ. ಆದರೂ ಅಲ್ಲಿ ಬ್ಯಾರಿ ಮಾತಾಡುವ ಹೆಂಗಸು ತನ್ನ ಭಾಷೆಯನ್ನು ರೇಡಿಯೋದಲ್ಲಿ ಕೇಳುತ್ತಾಳೆ, ಸ್ಟುಡಿಯೋ ಬಸ್ಸಿನಲ್ಲಿ ಹೋಗಿ ಸೇರಬಹುದಾದಷ್ಟು ಹತ್ತಿರದಲ್ಲಿದೆ, ಮೈಕಿನ ಮುಂದೆ ಕುಳಿತವರು ಅವಳ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸುತ್ತಾರೆ.